ದೇವರೊಡನೆ ಒಡಂಬಡಿಕೆ: ಹಾಗೆಂದರೆ ಏನು?



ಕನ್ನಡ ಪತ್ರಿಕೆ ಓದುವವರಿಗೆಲ್ಲ ‘ಒಡಂಬಡಿಕೆ’ ಎಂಬ ಪದ ಚೆನ್ನಾಗಿ ಗೊತ್ತು. ಸರ್ಕಾರವೂ ಒಂದು ಕಂಪನಿಯೂ ಒಡಂಬಡಿಕೆಗೆ ಸಹಿ ಹಾಕಿದವು, ಎರಡು ವಿಶ್ವವಿದ್ಯಾಲಯಗಳು ಒಡಂಬಡಿಕೆ ಮಾಡಿಕೊಂಡವು ಎಂದು ಸುದ್ದಿ ಬರುತ್ತಲೇ ಇರುತ್ತದೆ. ಇದೇ ಪದ ಕನ್ನಡ ಬೈಬಲ್ಲಿನ ಎರಡು ಭಾಗಗಳ ಹೆಸರಿನಲ್ಲೂ ಇದೆ. ಮೊದಲನೆಯದು ಹಳೆಯ ಒಡಂಬಡಿಕೆ, ಎರಡನೆಯದು ಹೊಸ ಒಡಂಬಡಿಕೆ. ಕಂಪನಿಗಳ ಒಡಂಬಡಿಕೆ ನಮಗೆ ಅರ್ಥವಾಗುತ್ತದೆ. ದೇವರು ಮನುಷ್ಯನ ಜೊತೆ ಒಡಂಬಡಿಕೆ ಮಾಡಿಕೊಳ್ಳುವುದು ಎಂದರೇನು? ಸಹಿ ಯಾರದು? ಷರತ್ತು ಏನು? ಮುರಿದರೆ ಏನಾಗುತ್ತದೆ?

ಇದು ಕ್ರೈಸ್ತರಿಗೆ ಮಾತ್ರ ಬೇಕಾದ ವಿಷಯ ಎಂದು ಪುಟ ತಿರುಗಿಸಬೇಡಿ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಾಗ, ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ, ಕೆಲಸ ಹೋಗುವ ಭಯ ಬಂದಾಗ “ಇದೊಂದು ಮಾಡಿಕೊಡಪ್ಪಾ, ನಾನು ಹೀಗೆ ಮಾಡುತ್ತೇನೆ” ಎಂದು ಮನಸ್ಸಿನಲ್ಲೇ ಹೇಳದವರು ನಮ್ಮಲ್ಲಿ ಎಷ್ಟು ಮಂದಿ? ಹೇಳಿದ್ದನ್ನು ನಡೆಸಲಾಗದೆ ಆಮೇಲೆ ಒಳಗೊಳಗೇ ಕೊರಗುವವರೂ ಇದ್ದಾರೆ. ಮನೆಗೆ ಕಷ್ಟ ಬಂದಾಗಲೆಲ್ಲ “ಅಂದು ಕೊಟ್ಟ ಮಾತು ತಪ್ಪಿದ್ದಕ್ಕೇ ಹೀಗಾಯಿತು” ಎಂದು ಅವರಿಗೆ ಅನ್ನಿಸುತ್ತದೆ. ದೇವರ ಜೊತೆಗಿನ ನಂಟು ಕೊಡು-ಕೊಳ್ಳುವ ವ್ಯವಹಾರವೇ, ಅಥವಾ ಬೇರೆ ಏನಾದರೂ ಉಂಟೇ? ಬೈಬಲ್ಲಿನ ಒಡಂಬಡಿಕೆಯ ವಿಚಾರ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ.

ಒಂದೇ ಮಾತು, ಹಲವು ಹೆಸರು

ಜೋಕಾದಲ್ಲಿ ನಿಮ್ಮ ಪಕ್ಕದ ಮನೆಯವರು ಬಂಗಾಳಿ ಕ್ರೈಸ್ತರಾಗಿದ್ದರೆ, ಬಡೋದಿನದ ಕೇಕ್ ಕೊಡಲು ಬಂದಾಗ ಅವರ ಬೈಬಲ್ ಕೇಳಿ ನೋಡಿ. ಅದರಲ್ಲಿ ಹಳೆಯ ಭಾಗದ ಹೆಸರು ‘ಪುರಾತನ ನಿಯಮ’, ಹೊಸ ಭಾಗದ ಹೆಸರು ‘ನೂತನ ನಿಯಮ’. ಹಿಂದಿಯಲ್ಲೂ ಮಲಯಾಳದಲ್ಲೂ ನಿಯಮವೇ. ತೆಲುಗಿನವರು ‘ನಿಬಂಧನ’ ಎನ್ನುತ್ತಾರೆ. ತಮಿಳಿನಲ್ಲಿ ‘ಏರ್ಪಾಡು’. ಇಂಗ್ಲಿಷಿನ ‘ಟೆಸ್ಟಮೆಂಟ್’ ಎಂಬ ಪದಕ್ಕೆ ಉಯಿಲು, ಮರಣಶಾಸನ ಎಂಬ ಅರ್ಥವೂ ಉಂಟು.

ಕನ್ನಡದ ಪದವನ್ನು ಬಿಡಿಸಿ ನೋಡಿ. ‘ಒಡನ್’ ಎಂದರೆ ಜೊತೆಗೆ. ಒಡನಾಡಿ, ಒಡಹುಟ್ಟು ಎಂಬ ಮಾತುಗಳಲ್ಲಿ ಇರುವುದೂ ಇದೇ. ಅದಕ್ಕೆ ‘ಪಡು’ ಸೇರಿ ಒಡಂಬಡು, ಅಂದರೆ ಒಪ್ಪು, ಮನಸ್ಸು ಕೂಡಿಸು ಎಂದಾಯಿತು. ನಿಯಮ ಒಬ್ಬರು ಹಾಕಿ ಇನ್ನೊಬ್ಬರು ಪಾಲಿಸುವಂಥದು. ಉಯಿಲು ಒಬ್ಬರು ಬರೆದಿಟ್ಟು ಹೋಗುವಂಥದು. ಒಡಂಬಡಿಕೆಗೆ ಮಾತ್ರ ಇಬ್ಬರು ಬೇಕು, ಇಬ್ಬರೂ ಬದುಕಿರಬೇಕು, ಇಬ್ಬರೂ ಜೊತೆಗಿರಬೇಕು. ಮೂಲ ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ಬೆರೀತ್’ ಎಂಬ ಪದವಿದೆ. ಹಳೆಯ ಒಡಂಬಡಿಕೆಯಲ್ಲಿ ಅದು 280ಕ್ಕೂ ಹೆಚ್ಚು ಬಾರಿ ಬರುತ್ತದೆ. ಪುಸ್ತಕದ ಹೆಸರಿನಲ್ಲೇ ಆ ಪದದ ತಿರುಳನ್ನು ಉಳಿಸಿಕೊಂಡ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು.

ಕಲ್ಲು, ಉಪ್ಪು, ಸೂರ್ಯ, ಚಂದ್ರ

ಸ್ಟಾಂಪ್ ಪೇಪರ್, ನೋಟರಿ ಇಲ್ಲದ ಕಾಲದಲ್ಲಿ ಜನ ಮಾತನ್ನು ಹೇಗೆ ಗಟ್ಟಿ ಮಾಡಿಕೊಳ್ಳುತ್ತಿದ್ದರು? ಇದನ್ನು ತಿಳಿಯಲು ನಾವು ಪಶ್ಚಿಮ ಏಷ್ಯಾಕ್ಕೆ ಹೋಗುವ ಮೊದಲು ಶ್ರವಣಬೆಳಗೊಳಕ್ಕೆ ಹೋಗಿ ಬರೋಣ.

1368ರಲ್ಲಿ ವಿಜಯನಗರದ ಅರಸು ಒಂದನೆಯ ಬುಕ್ಕರಾಯನ ಮುಂದೆ ಜೈನರು ದೂರು ತಂದರು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂಬುದು ಅವರ ಅಳಲು. ಬುಕ್ಕರಾಯ ಎರಡೂ ಕಡೆಯವರನ್ನು ಕೂಡಿಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರಿಗೆ ಆಗುವ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮದೇ ಎಂದು ತಿಳಿಯಬೇಕೆಂದು ಕಟ್ಟುಮಾಡಿದ. ಇದನ್ನು ಕಲ್ಲಿನ ಮೇಲೆ ಕೊರೆಸಲಾಯಿತು. ಸೂರ್ಯ ಚಂದ್ರರು ಇರುವ ತನಕ ಇದು ನಡೆಯಬೇಕು, ತಪ್ಪಿದವರಿಗೆ ಪಾಪ ತಟ್ಟಲಿ ಎಂದೂ ಬರೆಸಲಾಯಿತು.

ಈ ಶಾಸನದಲ್ಲಿ ಏನೇನಿದೆ ಗಮನಿಸಿ. ಇಬ್ಬರು ಇದ್ದಾರೆ. ಕೈಗೆ ಕೈ ಕೊಡುವ ಕ್ರಿಯೆ ಇದೆ. ಕರ್ತವ್ಯ ಇದೆ. ಸಾಕ್ಷಿಯಾಗಿ ಕಲ್ಲು ಇದೆ, ಆಕಾಶದ ಜ್ಯೋತಿಗಳಿವೆ. ಕೊನೆಗೆ ಶಾಪವೂ ಇದೆ. ಬೈಬಲ್ ಕಾಲದ ಒಡಂಬಡಿಕೆಯಲ್ಲೂ ಹೆಚ್ಚುಕಡಿಮೆ ಇವೇ ಅಂಗಗಳು. ಯೆಹೋಶುವ ತನ್ನ ಜನರ ಜೊತೆ ಶೆಕೆಮಿನಲ್ಲಿ ಒಡಂಬಡಿಕೆ ಮಾಡಿಕೊಂಡಾಗ ಒಂದು ದೊಡ್ಡ ಕಲ್ಲನ್ನು ನಿಲ್ಲಿಸಿ, ಆಡಿದ ಮಾತನ್ನೆಲ್ಲ ಈ ಕಲ್ಲು ಕೇಳಿಸಿಕೊಂಡಿದೆ ಎನ್ನುತ್ತಾನೆ. ದಾವೀದನ ವಂಶಕ್ಕೆ ದೇವರು ಕೊಟ್ಟ ಮಾತಿನ ಬಗ್ಗೆ ಹಾಡುವ 89ನೇ ಕೀರ್ತನೆಯಲ್ಲಿ ಸೂರ್ಯ ಚಂದ್ರರ ಹೋಲಿಕೆ ಬರುತ್ತದೆ. ನಮ್ಮ ಶಾಸನಗಳ ‘ಆಚಂದ್ರಾರ್ಕ’ವನ್ನು ಬಲ್ಲ ಕನ್ನಡಿಗರಿಗೆ ಅದು ಹೊಸದೆನಿಸುವುದಿಲ್ಲ.

ಇನ್ನೊಂದು ಸ್ವಾರಸ್ಯ. ಬೈಬಲ್ಲಿನಲ್ಲಿ ‘ಉಪ್ಪಿನ ಒಡಂಬಡಿಕೆ’ ಎಂಬ ಮಾತು ಬರುತ್ತದೆ. ಎಂದಿಗೂ ಕೆಡದ ಒಡಂಬಡಿಕೆ ಎಂದು ಅದರ ಅರ್ಥ. ಉಪ್ಪು ಪದಾರ್ಥವನ್ನು ಕೆಡದಂತೆ ಇಡುತ್ತದೆ, ಜೊತೆಗೆ ಕುಳಿತು ಉಂಡ ಊಟವನ್ನೂ ನೆನಪಿಸುತ್ತದೆ. ನಮ್ಮ ಹಿರಿಯರೂ ‘ಉಪ್ಪಿನ ಋಣ’ ಎಂದರು, ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂದರು.

ಆ ಕಾಲದ ರಾಜರ ನಡುವೆಯೂ ಇಂಥ ಕಟ್ಟುಗಳಿದ್ದವು. ಈಗಿನ ಟರ್ಕಿಯಲ್ಲಿರುವ ಹತ್ತುಷ ಎಂಬ ಹಿತ್ತೀಯರ ಹಳೆಯ ರಾಜಧಾನಿಯಲ್ಲಿ 1906ರಿಂದ ನಡೆದ ಉತ್ಖನನದಲ್ಲಿ ಮಣ್ಣಿನ ಹಲಗೆಗಳು ಸಾವಿರಗಟ್ಟಲೆ ಸಿಕ್ಕವು. ಅವುಗಳಲ್ಲಿ ದೊಡ್ಡ ಅರಸ ಸಾಮಂತನ ಜೊತೆ ಮಾಡಿಕೊಂಡ ಒಪ್ಪಂದಗಳೂ ಇದ್ದವು. ನಾನು ನಿನಗೆ ಇಂಥ ಉಪಕಾರ ಮಾಡಿದ್ದೇನೆ ಎಂದು ಶುರುವಾಗಿ, ಆಮೇಲೆ ಷರತ್ತು, ಸಾಕ್ಷಿ, ಆಶೀರ್ವಾದ, ಶಾಪ ಹೀಗೆ ಅವು ಸಾಗುತ್ತವೆ. 1954ರಲ್ಲಿ ಜಾರ್ಜ್ ಮೆಂಡೆನ್‌ಹಾಲ್ ಎಂಬ ಅಮೆರಿಕನ್ ವಿದ್ವಾಂಸರು ಬೈಬಲ್ಲಿನ ಒಡಂಬಡಿಕೆಯ ಅಚ್ಚೂ ಇದನ್ನೇ ಹೋಲುತ್ತದೆ ಎಂದು ತೋರಿಸಿದರು. ಆ ಜನ ತಮಗೆ ಪರಿಚಿತವಾದ ರಾಜಕೀಯ ರೂಢಿಯನ್ನೇ ತೆಗೆದುಕೊಂಡು ದೇವರ ಜೊತೆಗಿನ ನಂಟನ್ನು ಹೇಳಿಕೊಂಡರು. ಆದರೆ ಹಾಗೆ ಹೇಳುವಾಗ ಆ ರೂಢಿಯನ್ನು ಒಂದು ಜಾಗದಲ್ಲಿ ಪೂರಾ ತಿರುಗಿಸಿಬಿಟ್ಟರು. ಆ ಜಾಗ ಅಬ್ರಹಾಮನ ಕಥೆ.

ನಡುವೆ ನಡೆದವರು ಯಾರು?

ಹೀಬ್ರೂ ಭಾಷೆಯಲ್ಲಿ ಒಡಂಬಡಿಕೆಯನ್ನು ‘ಮಾಡುವುದಿಲ್ಲ’, ‘ಕಡಿಯುತ್ತಾರೆ’. ಕಾರಣ ಹೀಗೆ. ಒಡಂಬಡಿಕೆಯ ದಿನ ಪ್ರಾಣಿಗಳನ್ನು ಕಡಿದು ಎರಡು ಹೋಳು ಮಾಡಿ ಎದುರುಬದುರಾಗಿ ಇಡುತ್ತಿದ್ದರು. ಮಾತು ಕೊಟ್ಟವರು ಆ ಹೋಳುಗಳ ನಡುವೆ ನಡೆದು ಹೋಗಬೇಕು. ನಾನು ಮಾತಿಗೆ ತಪ್ಪಿದರೆ ನನ್ನ ಗತಿ ಈ ಪ್ರಾಣಿಯ ಗತಿಯಾಗಲಿ ಎಂದು ಅದರ ಅರ್ಥ. ಸಾಮಾನ್ಯವಾಗಿ ಅಂಜಿ ನಡೆಯಬೇಕಾದವನು ದುರ್ಬಲನೇ.

ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮ (ಆಗಿನ್ನೂ ಅವನ ಹೆಸರು ಅಬ್ರಾಮ) ಮಕ್ಕಳಿಲ್ಲದ ಮುದುಕ. ನಿನ್ನ ಸಂತತಿ ಆಕಾಶದ ನಕ್ಷತ್ರಗಳಷ್ಟಾಗುವುದು ಎಂದು ದೇವರು ಹೇಳುತ್ತಾನೆ. ಈ ನಾಡನ್ನೂ ನಿನಗೆ ಕೊಡುವೆನೆಂದಾಗ, ಇದನ್ನು ನಾನು ಹೇಗೆ ತಿಳಿಯಲಿ ಎಂದು ಅಬ್ರಾಮ ಕೇಳುತ್ತಾನೆ. ಒಂದು ಕಡಸು, ಒಂದು ಆಡು, ಒಂದು ಟಗರು ತರುವಂತೆ ಅಪ್ಪಣೆಯಾಗುತ್ತದೆ, ಜೊತೆಗೆ ಎರಡು ಹಕ್ಕಿ. ಅವನು ಪ್ರಾಣಿಗಳನ್ನು ಕಡಿದು ಹೋಳುಗಳನ್ನು ಜೋಡಿಸಿ, ಎರಗಲು ಬಂದ ಹದ್ದುಗಳನ್ನು ಓಡಿಸುತ್ತ ಕಾಯುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ರೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದು ಹೋಗುತ್ತವೆ. ಅವು ದೇವರ ಸಾನ್ನಿಧ್ಯದ ಗುರುತು. ಅಬ್ರಾಮ ನಡೆಯಲೇ ಇಲ್ಲ.

ಇದು ಬಹಳ ದೊಡ್ಡ ಮಾತು. ಮಾತು ತಪ್ಪಿದರೆ ಆಗುವ ಅಪಾಯವನ್ನು ಬಲಶಾಲಿಯೇ ತನ್ನ ಮೇಲೆ ಹಾಕಿಕೊಂಡ ಎಂದು ಆ ಚಿತ್ರ ಹೇಳುತ್ತದೆ. ನಮ್ಮ ‘ಗೋವಿನ ಹಾಡು’ ನೆನಪಿಸಿಕೊಳ್ಳಿ. ಕೊಟ್ಟ ಮಾತಿಗಾಗಿ ಪ್ರಾಣ ಒಪ್ಪಿಸಲು ಹುಲಿಯ ಮುಂದೆ ಬಂದು ನಿಂತವಳು ಬಡ ಪುಣ್ಯಕೋಟಿ. ಅಲ್ಲಿ ಸತ್ಯದ ಭಾರ ಹೊತ್ತದ್ದು ಬಲವಿಲ್ಲದ ಜೀವ. ಆದಿಕಾಂಡದ ಈ ರಾತ್ರಿಯಲ್ಲಿ ಭಾರ ಹೊರುವವನು ಎಲ್ಲರಿಗಿಂತ ಬಲವುಳ್ಳವನು. ಎರಡೂ ಕಥೆಗಳಲ್ಲಿ ಮಾತು ಪ್ರಾಣಕ್ಕಿಂತ ದೊಡ್ಡದು. ಯಾರು ಅದರ ಬೆಲೆ ತೆರುತ್ತಾರೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಇದಕ್ಕೂ ಮೊದಲು ನೋಹನ ಕಥೆಯಲ್ಲಿ ಬರುವ ಒಡಂಬಡಿಕೆಯಲ್ಲಂತೂ ಮನುಷ್ಯನಿಗೆ ಷರತ್ತನ್ನೇ ಹಾಕಿಲ್ಲ ಎನ್ನಬಹುದು. ಇನ್ನು ಜಲಪ್ರಳಯದಿಂದ ಭೂಮಿಯನ್ನು ಹಾಳುಮಾಡುವುದಿಲ್ಲ ಎಂಬ ಮಾತು ಮನುಷ್ಯರಿಗೆ ಮಾತ್ರವಲ್ಲ, ಪಶು, ಪಕ್ಷಿ, ಸಕಲ ಜೀವಿಗಳಿಗೂ ಸಿಗುತ್ತದೆ. ಅದರ ಗುರುತು ಕಾಮನಬಿಲ್ಲು. ಆ ಬಿಲ್ಲನ್ನು ನೋಡಿ ನೆನಪು ಮಾಡಿಕೊಳ್ಳುವವನು ದೇವರೇ ಎಂದು ಅಲ್ಲಿ ಬರೆದಿದೆ.

ಮೊದಲು ಬಿಡುಗಡೆ, ಆಮೇಲೆ ಆಜ್ಞೆ

ಹಾಗಾದರೆ ಮನುಷ್ಯನಿಗೆ ಕರ್ತವ್ಯವೇ ಇಲ್ಲವೇ? ಇದೆ. ಅದು ಬರುವುದು ಸೀನಾಯಿ ಬೆಟ್ಟದ ಬಳಿ. ಈಜಿಪ್ಟಿನಲ್ಲಿ ಜೀತ ಮಾಡುತ್ತಿದ್ದ ಇಸ್ರಾಯೇಲ್ಯರು ಬಿಡುಗಡೆ ಹೊಂದಿ, ಮರುಭೂಮಿ ಹಾದು ಈ ಬೆಟ್ಟದ ಬುಡಕ್ಕೆ ಬರುತ್ತಾರೆ. ಹತ್ತು ಆಜ್ಞೆಗಳು ಇಲ್ಲಿಯೇ ಸಿಗುವುದು. ಮೋಶೆ ಒಡಂಬಡಿಕೆಯ ಗ್ರಂಥವನ್ನು ಓದಿ ಹೇಳುತ್ತಾನೆ, ಜನ ಒಪ್ಪುತ್ತಾರೆ. ಬಲಿಯ ರಕ್ತದಲ್ಲಿ ಅರ್ಧ ಯಜ್ಞವೇದಿಗೆ, ಅರ್ಧ ಜನರ ಮೇಲೆ ಚಿಮುಕಿಸುತ್ತಾನೆ. ರಕ್ತವೆಂದರೆ ಜೀವ. ಒಂದೇ ಜೀವವನ್ನು ಎರಡೂ ಕಡೆ ಹಂಚಿದ ಹಾಗೆ, ರಕ್ತಸಂಬಂಧ ಬೆಳೆಸಿದ ಹಾಗೆ. ಆಮೇಲೆ ಹಿರಿಯರು ಬೆಟ್ಟದ ಮೇಲೆ ದೇವರ ಸನ್ನಿಧಿಯಲ್ಲಿ ಊಟ ಮಾಡುತ್ತಾರೆ. ನೆಂಟಸ್ತನ ಬೆಳೆದ ಮೇಲೆ ಊಟ ಬೇಕಲ್ಲವೇ!

ಇಲ್ಲಿ ಕ್ರಮವನ್ನು ಗಮನಿಸಿ. ಈ ಆಜ್ಞೆಗಳನ್ನು ಪಾಲಿಸಿದರೆ ನಿಮ್ಮನ್ನು ಜೀತದಿಂದ ಬಿಡಿಸುತ್ತೇನೆ ಎಂದು ದೇವರು ಹೇಳಲಿಲ್ಲ. ಮೊದಲು ಬಿಡಿಸಿದ. ಬಿಡಿಸಿದವನು ನಾನೇ ಎಂದು ಹತ್ತು ಆಜ್ಞೆಗಳ ಆರಂಭದಲ್ಲೇ ಜ್ಞಾಪಿಸಿದ. ಆಮೇಲೆ, ಬಿಡುಗಡೆಯಾದವರು ಹೇಗೆ ಬದುಕಬೇಕು ಎಂದು ಹೇಳಿದ. ಆಜ್ಞೆಗಳು ಬಿಡುಗಡೆಗೆ ಕೊಟ್ಟ ಬೆಲೆಯಲ್ಲ, ಬಿಡುಗಡೆಯಾದವರ ಬಾಳಿನ ರೀತಿ. ಆದ್ದರಿಂದಲೇ ಅವುಗಳಲ್ಲಿ ಅರ್ಧದಷ್ಟು ನೆರೆಯವನಿಗೆ ಸಂಬಂಧಿಸಿದವು: ಕೊಲ್ಲಬೇಡ, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ. ವಾರಕ್ಕೊಂದು ದಿನದ ವಿಶ್ರಾಂತಿ ಕೂಡ ಯಜಮಾನನಿಗೆ ಮಾತ್ರವಲ್ಲ, ಆಳಿಗೂ ಎತ್ತಿಗೂ ಸಿಗಬೇಕು.

ಕರಾರಿಗೂ ಒಡಂಬಡಿಕೆಗೂ ಇರುವ ಅಂತರ ಈಗ ಹೊಳೆಯುತ್ತದೆ. ಜೋಕಾ ಎಂದರೆ ದೇಶಕ್ಕೆಲ್ಲ ನೆನಪಾಗುವುದು ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆ ಐಐಎಂ. ಅಲ್ಲಿ ಓದಿದವರಿಗೆ 1872ರ ಭಾರತೀಯ ಕರಾರು ಕಾಯಿದೆ ಗೊತ್ತಿರುತ್ತದೆ. ಒಬ್ಬ ಪಕ್ಷಗಾರ ತನ್ನ ಪಾಲಿನ ಕೆಲಸ ಮಾಡುವುದಿಲ್ಲ ಎಂದರೆ ಇನ್ನೊಬ್ಬ ಕರಾರನ್ನು ಅಲ್ಲಿಗೇ ಮುಗಿಸಬಹುದು ಎನ್ನುತ್ತದೆ ಅದರ 39ನೇ ಕಲಮು. ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿದವರಿಗೂ ಇದು ಅನುಭವದ ಮಾತು. ಬಾಡಿಗೆ ನಿಂತರೆ ನಂಟು ನಿಂತಿತು. ಇದರಲ್ಲಿ ತಪ್ಪೇನೂ ಇಲ್ಲ, ವ್ಯವಹಾರ ನಡೆಯಬೇಕಾದದ್ದೇ ಹಾಗೆ. ಆದರೆ ತಾಯಿ ಮಗುವಿನ ಜೊತೆ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುವುದಿಲ್ಲ. ಕರಾರಿನಲ್ಲಿ ವಸ್ತು ಕೈ ಬದಲಾಯಿಸುತ್ತದೆ. ಒಡಂಬಡಿಕೆಯಲ್ಲಿ ಜನ ತಮ್ಮನ್ನೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಪ್ರವಾದಿ ಹೋಶೇಯ ಇದನ್ನು ಮದುವೆಗೆ ಹೋಲಿಸಿದ್ದು ಅದಕ್ಕೇ.

ಹರಕೆ ಬೇರೆ, ಒಡಂಬಡಿಕೆ ಬೇರೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಷ್ಟದಲ್ಲಿ ನಾವು ದೇವರಿಗೆ ಹೇಳಿಕೊಳ್ಳುವುದು ಹರಕೆ. ಹರಕೆ ಬೈಬಲ್ಲಿನಲ್ಲೂ ಉಂಟು. ಅಬ್ರಹಾಮನ ಮೊಮ್ಮಗ ಯಾಕೋಬ ಮನೆ ಬಿಟ್ಟು ಓಡಿಹೋಗುವಾಗ, ನನಗೆ ಅನ್ನ ಬಟ್ಟೆ ಕೊಟ್ಟು ಸುರಕ್ಷಿತವಾಗಿ ಮನೆಗೆ ತಲುಪಿಸಿದರೆ ನಿನಗೆ ಹತ್ತರಲ್ಲೊಂದು ಪಾಲು ಕೊಡುತ್ತೇನೆ ಎನ್ನುತ್ತಾನೆ. ಅಪ್ಪಟ ಹರಕೆ! ಸ್ವಾರಸ್ಯವೆಂದರೆ, ಹಿಂದಿನ ರಾತ್ರಿ ಕನಸಿನಲ್ಲಿ ದೇವರು ಯಾವ ಷರತ್ತೂ ಇಲ್ಲದೆ ಅದನ್ನೆಲ್ಲ ಕೊಡುತ್ತೇನೆ ಎಂದು ಹೇಳಿಯಾಗಿತ್ತು. ಯಾಕೋಬನಿಗೆ ಪುಕ್ಕಟೆ ಸಿಕ್ಕಿದ್ದನ್ನು ನಂಬುವುದು ಕಷ್ಟವಾಯಿತು, ಚೌಕಾಶಿ ಸುಲಭವಾಯಿತು. ನಾವೂ ಹಾಗೆಯೇ ಅಲ್ಲವೇ?

ಹರಕೆಯ ಭಯಂಕರ ಮುಖವೂ ಅಲ್ಲಿದೆ. ನ್ಯಾಯಸ್ಥಾಪಕರು ಎಂಬ ಭಾಗದ 11ನೇ ಅಧ್ಯಾಯದಲ್ಲಿ ಯೆಫ್ತಾಹನೆಂಬ ದಳಪತಿ, ಯುದ್ಧ ಗೆದ್ದರೆ ಮನೆಯ ಬಾಗಿಲಿನಿಂದ ಮೊದಲು ಎದುರು ಬಂದದ್ದನ್ನು ಬಲಿ ಕೊಡುತ್ತೇನೆ ಎಂದು ಹೊತ್ತುಕೊಳ್ಳುತ್ತಾನೆ. ಗೆದ್ದು ಬಂದಾಗ ಕುಣಿಯುತ್ತ ಎದುರು ಬಂದವಳು ಅವನ ಒಬ್ಬಳೇ ಮಗಳು. ಆ ಹರಕೆಯನ್ನು ದೇವರು ಕೇಳಿರಲಿಲ್ಲ. ಅವನ ಬಾಯಿಂದ ತಾನಾಗಿ ಬಂದದ್ದು ಅದು.

ಆದ್ದರಿಂದ ಬೈಬಲ್ ಹರಕೆಯ ವಿಷಯದಲ್ಲಿ ಎಚ್ಚರ ಹೇಳುತ್ತದೆ. ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಲೇಸು ಎಂಬುದು ‘ಪ್ರಸಂಗಿ’ ಎಂಬ ಭಾಗದ ಬುದ್ಧಿಮಾತು. ಹಾಗೆಂದು ಸೋತವರನ್ನು ಕೈಬಿಟ್ಟಿಲ್ಲ. ಯಾಜಕಕಾಂಡದ 27ನೇ ಅಧ್ಯಾಯ ಓದಿ. ವ್ಯಕ್ತಿಯನ್ನು ದೇವರಿಗೆ ಹರಕೆಯಾಗಿ ಅರ್ಪಿಸಿದ್ದರೆ ಬದಲಿಗೆ ಹಣ ಕೊಟ್ಟು ಬಿಡಿಸಿಕೊಳ್ಳಬಹುದು. ಅಷ್ಟು ಹಣ ಕೊಡಲಾಗದ ಬಡವನಾಗಿದ್ದರೆ ಯಾಜಕ ಅವನ ಶಕ್ತಿ ನೋಡಿ ಬೆಲೆ ಇಳಿಸಬೇಕು. ಮೂರು ಸಾವಿರ ವರ್ಷಗಳಿಗೆ ಹತ್ತಿರದ ಹಳೆಯ ಪರಂಪರೆಯ ಕಾನೂನೊಂದು, ಆವೇಶದಲ್ಲಿ ಆಡಿದ ಮಾತಿಗೂ ಬಡವನ ಜೇಬಿಗೂ ಇರುವ ದೂರವನ್ನು ಅರಿತಿತ್ತು. ತೀರಿಸಲಾಗದ ಹರಕೆಯೊಂದು ನಿಮ್ಮನ್ನು ಕೊರೆಯುತ್ತಿದ್ದರೆ ಇದನ್ನು ಮನಸ್ಸಿನಲ್ಲಿಡಿ. ಹರಕೆ ನಾವು ಕಟ್ಟುವ ಗಂಟು. ಒಡಂಬಡಿಕೆ, ಬೈಬಲ್ಲಿನ ಪ್ರಕಾರ, ದೇವರು ಮೊದಲು ಚಾಚಿದ ಕೈ. ಗಂಟು ಬಿಚ್ಚಿದ ಮಾತ್ರಕ್ಕೆ ಆ ಕೈ ಹಿಂದೆ ಸರಿಯುವುದಿಲ್ಲ.

ಮುರಿದರೆ?

ಸೀನಾಯಿಯ ಒಡಂಬಡಿಕೆ ನಲವತ್ತು ದಿನವೂ ನಿಲ್ಲಲಿಲ್ಲ. ಮೋಶೆ ಬೆಟ್ಟದಿಂದ ಇಳಿಯುವಷ್ಟರಲ್ಲಿ ಜನ ಚಿನ್ನದ ಕರು ಮಾಡಿಕೊಂಡು ಕುಣಿಯುತ್ತಿದ್ದರು. ಮೋಶೆ ಕೈಯಲ್ಲಿದ್ದ ಕಲ್ಲಿನ ಹಲಗೆಗಳನ್ನು ಎಸೆದು ಒಡೆದ. ಕರಾರಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ಇನ್ನೆರಡು ಹಲಗೆಗಳನ್ನು ಕೆತ್ತಿಸಿಕೊಂಡು ಬಾ ಎನ್ನುತ್ತಾನೆ. ಇಲ್ಲಿ ‘ಹೆಸೆದ್’ ಎಂಬ ಹೀಬ್ರೂ ಪದ ಬರುತ್ತದೆ. ಕೊಟ್ಟ ಮಾತಿಗೆ ಅಂಟಿಕೊಂಡ, ಸೋತರೂ ಬಿಡದ ಪ್ರೀತಿ ಎಂದು ಅದನ್ನು ತಿಳಿಯಬಹುದು.

ಆದರೂ ಮುರಿಯುವುದು ಹಗುರ ವಿಷಯವಲ್ಲ. ಯೆರೆಮೀಯನ ಗ್ರಂಥದ 34ನೇ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಯೆರೂಸಲೇಮಿಗೆ ಬಾಬಿಲೋನಿನವರು ಮುತ್ತಿಗೆ ಹಾಕಿದಾಗ ರಾಜ ಚಿದ್ಕೀಯನೂ ಶ್ರೀಮಂತರೂ ಕರುವನ್ನು ಕಡಿದು ಹೋಳುಗಳ ನಡುವೆ ನಡೆದು, ತಮ್ಮ ಹೀಬ್ರೂ ಗುಲಾಮರನ್ನೆಲ್ಲ ಬಿಡುತ್ತೇವೆ ಎಂದು ದೇವರ ಮುಂದೆ ಒಡಂಬಟ್ಟರು, ಬಿಟ್ಟರು ಕೂಡ. ಮುತ್ತಿಗೆ ಸ್ವಲ್ಪ ಸಡಿಲವಾಯಿತು. ಕೂಡಲೇ ಬಿಟ್ಟವರನ್ನೇ ಮತ್ತೆ ಹಿಡಿದು ಗುಲಾಮರನ್ನಾಗಿ ಮಾಡಿಕೊಂಡರು! ಯೆರೆಮೀಯನ ಸಿಟ್ಟು ಉಕ್ಕಿ ಹರಿಯುವುದು ಇಲ್ಲಿ. ದೇವರೊಡನೆ ಮಾಡಿದ ಒಡಂಬಡಿಕೆ ಮುರಿಯಿತು ಎಂದು ಅವನು ಹೇಳುವಾಗ, ಪೂಜೆ ನಿಂತಿತೆಂದು ಅವನ ದೂರಲ್ಲ. ದಿಕ್ಕಿಲ್ಲದವರ ಕೊರಳಿಗೆ ಮತ್ತೆ ನೊಗ ಬಿತ್ತು ಎಂಬುದು ಅವನ ದೂರು. ಒಡಂಬಡಿಕೆಯನ್ನು ಉಳಿಸುವುದೂ ಮುರಿಯುವುದೂ ನಮ್ಮ ಕೈಕೆಳಗಿನವರ ಜೊತೆ ನಾವು ನಡೆದುಕೊಳ್ಳುವುದರಲ್ಲಿದೆ.

ಅದೇ ಯೆರೆಮೀಯ 31ನೇ ಅಧ್ಯಾಯದಲ್ಲಿ ಮುಂದೊಂದು ದಿನ ಹೊಸ ಒಡಂಬಡಿಕೆ ಬರುವುದೆಂದೂ, ಅದನ್ನು ಕಲ್ಲಿನ ಮೇಲಲ್ಲ, ಹೃದಯದ ಮೇಲೆ ಬರೆಯಲಾಗುವುದೆಂದೂ ಹೇಳುತ್ತಾನೆ. ಬೈಬಲ್ಲಿನ ಎರಡನೆಯ ಭಾಗದ ಹೆಸರು ಹುಟ್ಟಿದ್ದು ಈ ಮಾತಿನಿಂದ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಉಣ್ಣುವಾಗ ದ್ರಾಕ್ಷಾರಸದ ಪಾತ್ರೆ ಎತ್ತಿ, ಇದು ತನ್ನ ರಕ್ತದಿಂದಾದ ಹೊಸ ಒಡಂಬಡಿಕೆ ಎಂದನೆಂದು ಲೂಕನ ಸುವಾರ್ತೆ ಹೇಳುತ್ತದೆ. ಅಬ್ರಹಾಮನ ರಾತ್ರಿ ಹೋಳುಗಳ ನಡುವೆ ನಡೆದವನು ಇಲ್ಲಿ ಬೆಲೆಯನ್ನೂ ತೆತ್ತ ಎಂಬುದು ಕ್ರೈಸ್ತರ ನಂಬಿಕೆ. ಯೆಹೂದ್ಯರು ಇದನ್ನು ಒಪ್ಪುವುದಿಲ್ಲ. ಅವರ ಪಾಲಿಗೆ ಸೀನಾಯಿಯ ಒಡಂಬಡಿಕೆ ‘ಹಳೆಯ’ದಲ್ಲ, ಇಂದಿಗೂ ಜೀವಂತ. ಕೋಲ್ಕತಾದ ಬಡಾಬಜಾರ್ ಪಕ್ಕದಲ್ಲಿ 1884ರಲ್ಲಿ ಕಟ್ಟಿದ ಮಾಘೆನ್ ಡೇವಿಡ್ ಸಿನಗಾಗ್ ಈಗಲೂ ನಿಂತಿದೆ. ಆ ಕಡೆ ಹೋದಾಗ ಈ ಮಾತು ನೆನಪಿರಲಿ.

ಗಂಗೆಯ ಆಚೆ ದಡದ ಒಂದು ಒಡಂಬಡಿಕೆ

ಕನ್ನಡ ಬೈಬಲ್ಲಿನ ಒಂದು ಎಳೆ ನಮ್ಮ ಕೋಲ್ಕತಾಕ್ಕೂ ಅಂಟಿಕೊಂಡಿದೆ. ಜೋಕಾದಿಂದ ಹೌರಾ ತಲುಪಿ, ಬ್ಯಾಂಡೇಲ್ ಕಡೆಯ ಲೋಕಲ್ ರೈಲು ಹತ್ತಿದರೆ ಶ್ರೀರಾಂಪುರ ಸಿಗುತ್ತದೆ. 1845ರವರೆಗೆ ಅದು ಡೆನ್ಮಾರ್ಕಿನವರ ವಸಾಹತು. 1800ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅಲ್ಲಿ ನೆಲೆಸಿ ಮಿಷನ್ನನ್ನೂ ಮುದ್ರಣಾಲಯವನ್ನೂ ಶುರು ಮಾಡಿದರು.

1805ರಲ್ಲಿ ಅಲ್ಲಿನ ಸಹೋದರರು ಕುಳಿತು ತಮ್ಮತಮ್ಮಲ್ಲಿ ಒಂದು ಒಡಂಬಡಿಕೆ ಬರೆದುಕೊಂಡರು. ಈ ನಾಡಿನ ಜನರ ಮನಸ್ಸನ್ನು ಅರಿಯಬೇಕು, ಸ್ಥಳೀಯರನ್ನು ಬೆಳೆಸಬೇಕು, ದೇಶಭಾಷೆಗಳಿಗೆ ಬೈಬಲ್ ತರಬೇಕು, ಸ್ವಂತ ಆಸ್ತಿ ಎಂದು ಯಾರೂ ಇಟ್ಟುಕೊಳ್ಳದೆ ಗಳಿಕೆಯನ್ನೆಲ್ಲ ಒಂದೇ ಚೀಲಕ್ಕೆ ಹಾಕಬೇಕು ಎಂಬಂಥ ಮಾತುಗಳು ಅದರಲ್ಲಿದ್ದವು. ಇದನ್ನು ವರ್ಷಕ್ಕೆ ಮೂರು ಬಾರಿ, ಜನವರಿ, ಮೇ, ಅಕ್ಟೋಬರ್ ತಿಂಗಳ ಮೊದಲ ಭಾನುವಾರ, ಎಲ್ಲರ ಮುಂದೆ ಓದಬೇಕು ಎಂದೂ ನಿಶ್ಚಯಿಸಿದರು. ಮನುಷ್ಯರು ಮರೆಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ವರ್ಷಗಟ್ಟಲೆ ದುಡಿದ ಹಸ್ತಪ್ರತಿಗಳು ಸುಟ್ಟುಹೋದವು. ಕೇರಿಯ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅವುಗಳಲ್ಲಿ ಒಂದು. ಮೊಳೆ ಎರಕ ಹೊಯ್ಯುವ ಮೂಲ ಅಚ್ಚುಗಳು ಮಾತ್ರ ಉಳಿದವು. ಮತ್ತೆ ಮೊದಲಿನಿಂದ ಶುರು ಮಾಡಿದರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲೇ ಅಚ್ಚಾಯಿತು. 1820ರ ದಶಕದ ಆರಂಭದಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂತು. ಅದೇ ಕಾಲಕ್ಕೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ತಮ್ಮದೇ ಅನುವಾದ ನಡೆಸಿದ್ದರು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿ ಬೆಳೆಸಿದರು. ಇಂದು ಕನ್ನಡಿಗರ ಕೈಗೆ ಬರುವ ಬೈಬಲ್ಲಿನ ಹಿಂದೆ ಇಷ್ಟೆಲ್ಲ ಕೈಗಳಿವೆ.

ಶ್ರೀರಾಂಪುರದ ಆ ಒಡಂಬಡಿಕೆ ಸುಗಮವಾಗಿ ನಡೆಯಿತೇ? ಇಲ್ಲ. ಮುಂದೆ ಬಂದ ಕಿರಿಯರಿಗೆ ಹಿರಿಯರ ಜೊತೆ ಹೊಂದಲಿಲ್ಲ, ಅವರು ಕಲ್ಕತ್ತೆಯಲ್ಲಿ ಬೇರೆ ಮನೆ ಹೂಡಿದರು. 1827ರಲ್ಲಿ ಇಂಗ್ಲೆಂಡಿನ ಮಾತೃಸಂಘದಿಂದಲೂ ಶ್ರೀರಾಂಪುರ ಬೇರೆಯಾಯಿತು. ಆದರೂ ಮೂವರು ಹಿರಿಯರು ತಮ್ಮತಮ್ಮಲ್ಲಿ ಕೊಟ್ಟ ಮಾತು ಬಿಡಲಿಲ್ಲ. ವಾರ್ಡ್ 1823ರಲ್ಲಿ, ಕೇರಿ 1834ರಲ್ಲಿ, ಮಾರ್ಷ್‌ಮನ್ 1837ರಲ್ಲಿ ತೀರಿಕೊಂಡರು. ಮೂವರ ಸಮಾಧಿಗಳೂ ಶ್ರೀರಾಂಪುರದ ಮಣ್ಣಿನಲ್ಲೇ ಇವೆ.

ಒಡಂಬಡಿಕೆಯನ್ನು ಮತ್ತೆಮತ್ತೆ ಓದಿ ಹೊಸದಾಗಿಸುವ ರೂಢಿ ಬೇರೆ ಕಡೆಯೂ ಇದೆ. 1755ರಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ಇದಕ್ಕೊಂದು ಆರಾಧನೆಯನ್ನೇ ಏರ್ಪಡಿಸಿದರು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಗೂ ಅದು ಬಂದಿದೆ. ಹೊಸ ವರ್ಷದ ಆರಂಭದಲ್ಲಿ ನಡೆಯುವ ಈ ಆರಾಧನೆಯಲ್ಲಿ ಜನ ಹೊಸ ಹರಕೆ ಹೊರುವುದಿಲ್ಲ. ಹಿಡಿದ ಕೈಯನ್ನು ಬಿಟ್ಟಿದ್ದರೆ ಮತ್ತೆ ಹಿಡಿಯುತ್ತಾರೆ, ಅಷ್ಟೇ.

ಕೊನೆಗೆ ಒಂದು ಊಟದ ಮೇಜು

ಇಷ್ಟೆಲ್ಲ ವಿವರಣೆಯನ್ನು ಒಂದೇ ಕಥೆಯಲ್ಲಿ ಹೇಳಬೇಕೆಂದರೆ ಎರಡನೆಯ ಸಮುವೇಲನ 9ನೇ ಅಧ್ಯಾಯ ಸಾಕು. ದಾವೀದನೂ ರಾಜ ಸೌಲನ ಮಗ ಯೋನಾತಾನನೂ ಗೆಳೆಯರು. ಯಾರು ಏನಾದರೂ ಒಬ್ಬರ ಮನೆಯವರಿಗೆ ಇನ್ನೊಬ್ಬರು ದಯೆ ತೋರಬೇಕೆಂದು ಒಡಂಬಡಿಕೆ ಮಾಡಿಕೊಂಡಿದ್ದರು. ಯುದ್ಧದಲ್ಲಿ ಸೌಲನೂ ಯೋನಾತಾನನೂ ಸತ್ತರು. ದಾವೀದ ರಾಜನಾದ. ಹಳೆಯ ರಾಜವಂಶದವರನ್ನು ಹೊಸ ರಾಜ ಹುಡುಕಿಸಿದರೆ ಕೊಲ್ಲಿಸಲಿಕ್ಕೇ ಎಂಬ ಕಾಲ ಅದು. ಹುಡುಕಿಸಿದಾಗ ಸಿಕ್ಕವನು ಯೋನಾತಾನನ ಮಗ ಮೆಫೀಬೋಶೆತ, ಎರಡೂ ಕಾಲು ಕುಂಟು. ಅವನು ಹೆದರಿ ಅಡ್ಡಬಿದ್ದ. ಹೆದರಬೇಡ ಎಂದ ದಾವೀದ, ಅವನ ಅಜ್ಜನ ಜಮೀನನ್ನೆಲ್ಲ ಹಿಂದಿರುಗಿಸಿ, ದಿನವೂ ತನ್ನ ಮೇಜಿನಲ್ಲೇ ಊಟಕ್ಕೆ ಕೂರಿಸಿಕೊಂಡ.

ಮೆಫೀಬೋಶೆತ ಯಾವ ಕರಾರಿಗೂ ಸಹಿ ಹಾಕಿರಲಿಲ್ಲ, ಏನನ್ನೂ ಗಳಿಸಿರಲಿಲ್ಲ, ಕೊಡಲು ಅವನ ಬಳಿ ಏನೂ ಇರಲಿಲ್ಲ. ಅವನು ಹುಟ್ಟುವ ಮೊದಲೋ, ಅವನಿಗೆ ಬುದ್ಧಿ ಬರುವ ಮೊದಲೋ ಯಾರೋ ಕೊಟ್ಟ ಮಾತಿನ ನೆರಳಲ್ಲಿ ಅವನು ಉಂಡ. ದೇವರ ಒಡಂಬಡಿಕೆ ಹೀಗಿರುತ್ತದೆ ಎನ್ನುತ್ತದೆ ಬೈಬಲ್. 

ಆದ್ದರಿಂದ ಮುಂದೆ ಯಾರಾದರೂ “ದೇವರೊಡನೆ ಒಡಂಬಡಿಕೆ ಎಂದರೆ ಏನು?” ಎಂದು ಕೇಳಿದರೆ ಹೀಗೆ ಹೇಳಿ: ಅದು ಮೊದಲು ಸಿಕ್ಕ ಪ್ರೀತಿಗೆ ಆಮೇಲೆ ಕೊಡುವ ಬಾಳು. ನಾವು ಅದರಲ್ಲಿ ಇದ್ದೇವೋ ಇಲ್ಲವೋ ಎಂದು ತಿಳಿಯಲು ಎಷ್ಟು ಹರಕೆ ತೀರಿಸಿದ್ದೇವೆ ಎಂಬ ಲೆಕ್ಕ ಬೇಡ. ನಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಂದು ದಿನ ಬಿಡುವಿದೆಯೇ, ನಮ್ಮ ಊಟದ ಮೇಜಿನಲ್ಲಿ ಯಾರಿಗೆ ಜಾಗವಿದೆ ಎಂದು ನೋಡಿಕೊಂಡರೆ ಸಾಕು.

ಬಿಡುವಾದಾಗ ಶ್ರೀರಾಂಪುರಕ್ಕೂ ಒಮ್ಮೆ ಹೋಗಿಬನ್ನಿ.